ಮೊದಲ ತಾಸು, ಉಳಿದ ಇಪ್ಪತ್ಮೂರು ತಾಸು

ಏಪ್ರಿಲ್-ಮೇ ಬಂತೆಂದರೆ ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಯ ದವಾಖಾನೆಗಳಲ್ಲಿ ಒಂದು ಮಾತು ಮೇಲಿಂದ ಮೇಲೆ ಕೇಳಿಬರುತ್ತದೆ: ‘ಸೋಡಿಯಂ ಇಳದೈತ್ರಿ.’ ಎರಡು ದಿನದಿಂದ ಊಟ ಸೇರದ, ವಾಂತಿ ಮಾಡಿಕೊಂಡ, ನಡೆದರೆ ಜೋಲಿ ಹೊಡೆಯುವ, ಹಗಲನ್ನು ರಾತ್ರಿ ಎನ್ನುವ ಅಜ್ಜಿಯನ್ನು ಮಕ್ಕಳು ಎತ್ತಿಕೊಂಡು ಬಂದಿರುತ್ತಾರೆ. ಲಕ್ವಾ ಹೊಡೆದಿದೆಯೆಂಬುದೇ ಅವರ ಅಂಜಿಕೆ. ತಲೆಯ ಸ್ಕ್ಯಾನ್‌ ಮಾಡಿಸಿದರೆ ಅದರಲ್ಲಿ ಏನೂ ಕಾಣುವುದಿಲ್ಲ. ರಕ್ತದ ಚೀಟಿಯಲ್ಲಿ ಮಾತ್ರ ಒಂದು ಸಾಲು ದಪ್ಪ ಅಕ್ಷರದಲ್ಲಿರುತ್ತದೆ: ಸೋಡಿಯಂ 112. ಇರಬೇಕಾದ ಮಟ್ಟ 135ರಿಂದ 145 ಎಂದು ಅದರ ಪಕ್ಕದಲ್ಲೇ ಅಚ್ಚಾಗಿರುತ್ತದೆ.

ಆ ಚೀಟಿ ಕೈಗೆ ಬಂದ ಗಳಿಗೆಯಲ್ಲಿ ಎರಡು ಮಾತು ಏಳುತ್ತವೆ. ಮನೆಯವರದು: ‘ಎರಡ ಸಲಾಯನ್ ಹಚ್ಚಿ ಬಿಡ್ರಿ ಡಾಕ್ಟ್ರ, ಸಂಜಿಕ ಮನಿಗೆ ಕರಕೊಂಡ ಹೋಗ್ತೀವಿ.’ ಎಷ್ಟೋ ಸಲ ವೈದ್ಯರದು: ‘ಇಲ್ಲೆ ಆಗೂದಿಲ್ರಿ, ಮುಂದ ಬಾಗಲಕೋಟಿಗೆ ಒಯ್ರಿ.’ ಒಂದು ಆತುರದ ಮಾತು, ಇನ್ನೊಂದು ಎಚ್ಚರದ ಮಾತು. ಎರಡರಲ್ಲೂ ಸತ್ಯವಿದೆ, ಎರಡರಲ್ಲೂ ಜೀವಕ್ಕೆ ಅಪಾಯವಿದೆ. ಇವುಗಳ ಹಿಂದೆ ವೈದ್ಯಲೋಕದಲ್ಲಿ ನಲವತ್ತು ವರ್ಷದಿಂದ ನಡೆದು ಇನ್ನೂ ಮುಗಿಯದ ಒಂದು ವಾದವಿದೆ. ಇಳಿದ ಸೋಡಿಯಂ ಅನ್ನು ಬೇಗ ಏರಿಸಬೇಕೋ, ಮೆಲ್ಲಗೆ ಏರಿಸಬೇಕೋ ಎಂಬುದು ಆ ವಾದ. ದೊಡ್ಡ ಆಸ್ಪತ್ರೆಗಳಲ್ಲಿ ಅದು ವೈದ್ಯರ ನಡುವಿನ ಚರ್ಚೆಯಾಗಿ ಉಳಿಯುತ್ತದೆ. ನಮ್ಮ ತಾಲ್ಲೂಕು ಊರುಗಳಲ್ಲಿ ಅದು ಇಲ್ಲೇ ಇಟ್ಟುಕೊಳ್ಳಬೇಕೋ ಮುಂದೆ ಕಳಿಸಬೇಕೋ ಎಂಬ ಪ್ರಶ್ನೆಯಾಗಿ ಮನೆಯವರ ತಲೆಯ ಮೇಲೂ ಬೀಳುತ್ತದೆ.

ಮೊದಲು ಒಂದು ತಪ್ಪು ತಿಳಿವಳಿಕೆ ತಿದ್ದಬೇಕು. ಸೋಡಿಯಂ ಇಳಿದಿದೆ ಎಂದರೆ ಉಪ್ಪು ಸಾಲದಾಗಿದೆ ಎಂದೇ ಬಹುತೇಕರು ತಿಳಿಯುತ್ತಾರೆ. ಮನೆಗೆ ಹೋಗಿ ಮಜ್ಜಿಗೆಗೆ ಮುಷ್ಟಿ ಉಪ್ಪು ಹಾಕಿ ಕುಡಿಸುವವರಿದ್ದಾರೆ. ಚೀಟಿಯಲ್ಲಿರುವ ಅಂಕಿ ಒಂದು ಲೀಟರ್ ರಕ್ತದ ನೀರಿನಲ್ಲಿ ಸೋಡಿಯಂ ಎಷ್ಟಿದೆ ಎಂಬುದನ್ನು ಹೇಳುತ್ತದೆ, ಮೈಯಲ್ಲಿ ಒಟ್ಟು ಉಪ್ಪು ಎಷ್ಟಿದೆ ಎಂಬುದನ್ನಲ್ಲ. ಹೆಚ್ಚಿನ ಸಲ ಉಪ್ಪು ಕಡಿಮೆಯಾಗಿರುವುದಿಲ್ಲ, ಇದ್ದರೂ ಅದೊಂದೇ ಕಾರಣವಾಗಿರುವುದಿಲ್ಲ. ಮೂತ್ರಪಿಂಡ ಹೊರಹಾಕಬೇಕಾದ ನೀರು ಒಳಗೇ ನಿಂತಿರುತ್ತದೆ. ಕೃಷ್ಣಾ-ಘಟಪ್ರಭಾ ದಂಡೆಯ ಕಬ್ಬಿನ ರೈತರಿಗೆ ಇದು ಬೇಗ ತಿಳಿಯುತ್ತದೆ. ಹೊಲ ಸವಳಾದಾಗ ಕಣ್ಣಿಗೆ ಕಾಣುವುದು ಉಪ್ಪು, ಆದರೆ ರೋಗ ಇರುವುದು ಬಸಿಯದೆ ನಿಂತ ನೀರಿನಲ್ಲಿ. ಬಸಿಗಾಲುವೆ ತೆಗೆಯದೆ ಮೇಲಿನ ಉಪ್ಪನ್ನಷ್ಟೇ ಕೆರೆದರೆ ಹೊಲ ತಿರುಗುವುದಿಲ್ಲ.

ನೀರು ನಿಲ್ಲಲು ಕಾರಣ ಹಲವು. ಮಿದುಳಿನ ಬುಡದಿಂದ ಹೊರಡುವ ವ್ಯಾಸೊಪ್ರೆಸಿನ್ ಎಂಬ ಹಾರ್ಮೋನು ‘ನೀರು ಬಿಡಬೇಡ’ ಎಂದು ಮೂತ್ರಪಿಂಡಕ್ಕೆ ಆಜ್ಞೆ ಕೊಡುತ್ತದೆ. ವಾಂತಿ, ನೋವು, ನ್ಯುಮೋನಿಯಾ, ಕ್ಷಯ, ತಲೆಗೆ ಪೆಟ್ಟು, ಕೆಲವು ಮಾನಸಿಕ ರೋಗದ ಗುಳಿಗೆಗಳು, ಹೃದಯ ಮತ್ತು ಯಕೃತ್ತಿನ ಬೇನೆ, ಇವೆಲ್ಲ ಆ ಹಾರ್ಮೋನನ್ನು ಎಬ್ಬಿಸುತ್ತವೆ. ವಯಸ್ಸಾದವರಲ್ಲಿ, ಅದರಲ್ಲೂ ತೆಳ್ಳಗಿನ ಹೆಂಗಸರಲ್ಲಿ, ದೊಡ್ಡ ಕಾರಣವೆಂದರೆ ಬಿಪಿಗೆ ಕೊಡುವ ಮೂತ್ರ ಹೆಚ್ಚಿಸುವ ಗುಳಿಗೆ: ಹೈಡ್ರೋಕ್ಲೋರೋಥಯಾಝೈಡ್, ಕ್ಲೋರ್‌ಥಾಲಿಡೋನ್. ಎರಡು ಔಷಧ ಕೂಡಿಸಿದ ಬಿಪಿ ಗುಳಿಗೆಗಳ ಹೆಸರಿನ ಕೊನೆಗೆ ‘ಎಚ್’ ಎಂಬ ಅಕ್ಷರವಿದ್ದರೆ ಅದು ಸಾಮಾನ್ಯವಾಗಿ ಈ ಹೈಡ್ರೋಕ್ಲೋರೋಥಯಾಝೈಡ್. ಅಜ್ಜಿಯ ಮನೆಗೆ ಹೋಗಿ ಗೋಡೆಯ ಗೂಟಕ್ಕೆ ತೂಗುಹಾಕಿದ ಪ್ಲಾಸ್ಟಿಕ್ ಚೀಲ ತೆಗೆದು ನೋಡಿ. ಬೆಳ್ಳಿ ಬಣ್ಣದ ಪಟ್ಟಿಯ ಹಿಂದೆ, ಮಡಿಕೆಯ ಹತ್ತಿರ, ಕಣ್ಣಿಗೆ ಕಷ್ಟವಾಗುವಷ್ಟು ಸಣ್ಣ ಅಕ್ಷರದಲ್ಲಿ ಆ ಹೆಸರು ಸಿಕ್ಕೀತು.

ಸೋಡಿಯಂ ಇಳಿದರೆ ಕೆಡುವುದು ಮಿದುಳು. ರಕ್ತ ತೆಳುವಾದಾಗ ನೀರು ಮಿದುಳಿನ ಕೋಶಗಳೊಳಗೆ ನುಗ್ಗುತ್ತದೆ, ಮಿದುಳು ಊದುತ್ತದೆ. ತಲೆಬುರುಡೆಯೊಳಗೆ ಊದಲು ಜಾಗವಿಲ್ಲ. ತಲೆನೋವು, ವಾಕರಿಕೆ, ಮಂಕು, ಮೂರ್ಛೆ, ಕೊನೆಗೆ ಉಸಿರು ನಿಲ್ಲುವುದು, ಇವೆಲ್ಲ ಒಂದೇ ಇಳಿಜಾರಿನ ಮೆಟ್ಟಿಲುಗಳು. ಇಳಿತ ನಿಧಾನವಾಗಿದ್ದರೆ ಮಿದುಳು ಸುಮ್ಮನಿರುವುದಿಲ್ಲ. ಒಂದೆರಡು ದಿನದಲ್ಲಿ ತನ್ನೊಳಗಿನ ಲವಣ ಮತ್ತು ಇತರ ಕಣಗಳನ್ನು ಹೊರಗೆ ಚೆಲ್ಲಿ ಊತ ಇಳಿಸಿಕೊಳ್ಳುತ್ತದೆ. ಸೋಡಿಯಂ 112 ಇದ್ದರೂ ಅಜ್ಜಿ ಎದ್ದು ಕೂತು ನೀರು ಕೇಳುವುದು ಈ ಹೊಂದಾಣಿಕೆಯಿಂದಲೇ. ಅಪಾಯವೂ ಇಲ್ಲೇ ಹುಟ್ಟುತ್ತದೆ. ಹೀಗೆ ಒಳಗಿನದನ್ನು ಚೆಲ್ಲಿಕೊಂಡ ಮಿದುಳಿನ ಸುತ್ತ ಸೋಡಿಯಂ ಅನ್ನು ಗಡಿಬಿಡಿಯಲ್ಲಿ ಏರಿಸಿದರೆ, ಚೆಲ್ಲಿದ್ದನ್ನು ತುಂಬಿಕೊಳ್ಳಲು ಅದಕ್ಕೆ ಪುರಸೊತ್ತು ಸಿಗುವುದಿಲ್ಲ. ಕೋಶಗಳಿಂದ ನೀರು ಹೊರಗೆ ಓಡುತ್ತದೆ, ನರತಂತುಗಳ ಮೇಲಿನ ಮಯಲಿನ್ ಹೊದಿಕೆ ಕಳಚುತ್ತದೆ.

ಈ ಹೊದಿಕೆ ಕಳಚುವ ರೋಗವನ್ನು 1959ರಲ್ಲಿ ಅಮೆರಿಕದ ರೇಮಂಡ್ ಆಡಮ್ಸ್, ಮಾರಿಸ್ ವಿಕ್ಟರ್ ಮತ್ತು ಎಲಿಯಟ್ ಮ್ಯಾನ್‌ಕಾಲ್ ಮೊದಲ ಬಾರಿ ವಿವರಿಸಿದರು. ಅವರು ಕಂಡ ರೋಗಿಗಳು ಕುಡಿತದಿಂದ, ಊಟವಿಲ್ಲದೆ ಸೊರಗಿದವರು. ಕಾರಣ ಸೋಡಿಯಂ ಏರಿಸುವ ವೇಗ ಎಂಬುದು ಆಗ ಯಾರಿಗೂ ಹೊಳೆದಿರಲಿಲ್ಲ. ಅದು ಗಟ್ಟಿಯಾದದ್ದು ಎಂಬತ್ತರ ದಶಕದಲ್ಲಿ.

1986ರಲ್ಲಿ ಒಂದೇ ಪತ್ರಿಕೆಯಲ್ಲಿ, ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ, ಎರಡು ಲೇಖನ ಬಂದವು. ಈ ವಾದದ ಎರಡು ಪಕ್ಷಗಳ ಬೇರು ಅಲ್ಲಿದೆ. ಅಲೆನ್ ಏರಿಫ್ ಎಂಬ ವೈದ್ಯರು 15 ಮಂದಿ ಹೆಂಗಸರ ಕಥೆ ಬರೆದರು. ಎಲ್ಲರೂ ಆರೋಗ್ಯವಂತರು, ತುರ್ತಲ್ಲದ ಸಾಮಾನ್ಯ ಶಸ್ತ್ರಚಿಕಿತ್ಸೆಗೆ ಬಂದವರು. ಆಪರೇಷನ್ ಆದ ಮೇಲೆ ಸೋಡಿಯಂ ಇಳಿದು ಮೂರ್ಛೆ ಬಂತು. ಕೆಲವರು ಸತ್ತರು, ಉಳಿದವರ ಮಿದುಳು ಶಾಶ್ವತವಾಗಿ ಕೆಟ್ಟಿತು. ಸೋಡಿಯಂ ಇಳಿತವನ್ನು ಹಗುರವಾಗಿ ಕಂಡರೆ ಏನಾಗುತ್ತದೆ ಎಂಬುದಕ್ಕೆ ಇದಕ್ಕಿಂತ ಕಠೋರ ಸಾಕ್ಷಿ ಬೇಕಿಲ್ಲ. ಅದೇ ವರ್ಷ ರಿಚರ್ಡ್ ಸ್ಟರ್ನ್ಸ್ ಮತ್ತು ಸಂಗಡಿಗರು ಇನ್ನೊಂದು ಸಾಕ್ಷಿ ಇಟ್ಟರು. ಎಂಟು ರೋಗಿಗಳಲ್ಲಿ ಸೋಡಿಯಂ ದಿನಕ್ಕೆ 12ಕ್ಕಿಂತ ಹೆಚ್ಚು ಏರಿತ್ತು. ಅವರು ಮೊದಲು ಚೇತರಿಸಿಕೊಂಡು, ಆಮೇಲೆ ಮಾತು, ನುಂಗುವ ಶಕ್ತಿ, ಕೈಕಾಲಿನ ಬಲ ಕಳೆದುಕೊಂಡರು. ಒಂದು ಲೇಖನದ ರೋಗಿಗಳನ್ನು ಕೆಡಿಸಿದ್ದು ರೋಗ, ಇನ್ನೊಂದರ ರೋಗಿಗಳನ್ನು ಕೆಡಿಸಿದ್ದು ಚಿಕಿತ್ಸೆ.

ಎಚ್ಚರದ ಪಕ್ಷ ಗೆದ್ದಿತು. 2013-14ರಲ್ಲಿ ಬಂದ ಅಮೆರಿಕದ ಮತ್ತು ಯುರೋಪಿನ ಮಾರ್ಗಸೂಚಿಗಳು ಹೆಚ್ಚುಕಡಿಮೆ ಒಂದೇ ಮಾತು ಹೇಳಿದವು. ಮೊದಲ 24 ತಾಸಿನಲ್ಲಿ 10ರ ಆಚೆ ಏರಿಸಬೇಡಿ. ಕುಡಿತ, ಅಪೌಷ್ಟಿಕತೆ, ಯಕೃತ್ತಿನ ರೋಗ, ಪೊಟ್ಯಾಸಿಯಂ ಕಡಿಮೆ ಇರುವುದು, ಸೋಡಿಯಂ 105 ಅಥವಾ ಅದಕ್ಕಿಂತ ಕೆಳಗಿರುವುದು, ಇವುಗಳಲ್ಲಿ ಯಾವುದಿದ್ದರೂ 8ಕ್ಕೇ ನಿಲ್ಲಿ. ಅದೇ ಮಾರ್ಗಸೂಚಿಗಳು ಇನ್ನೊಂದು ಮಾತನ್ನೂ ಅಷ್ಟೇ ಗಟ್ಟಿಯಾಗಿ ಹೇಳಿವೆ, ಅದನ್ನು ನಾವು ಬೇಗ ಮರೆಯುತ್ತೇವೆ. ಮೂರ್ಛೆ ಬಂದಿದ್ದರೆ, ಎಚ್ಚರ ತಪ್ಪಿದ್ದರೆ ಕಾಯಬೇಡಿ; 3 ಪರ್ಸೆಂಟ್ ಸಲೈನ್ 100ರಿಂದ 150 ಮಿಲಿಲೀಟರನ್ನು ಹತ್ತಿಪ್ಪತ್ತು ನಿಮಿಷದಲ್ಲಿ ಕೊಡಿ, ಬೇಕಾದರೆ ಮತ್ತೆ ಕೊಡಿ. ಸೋಡಿಯಂ ನಾಲ್ಕರಿಂದ ಆರು ಅಂಕಿ ಏರಿದರೆ ಸಾಕು, ಊದಿದ ಮಿದುಳಿನ ಮೇಲಿನ ಒತ್ತಡ ಸಡಿಲಾಗುತ್ತದೆ.

ಈಗ ಆತುರದ ಪಕ್ಷಕ್ಕೆ ಹೊಸ ಬಲ ಬಂದಿದೆ. 2023ರಲ್ಲಿ ಕೆನಡಾದ ಟೊರೊಂಟೊ ಭಾಗದ ಆಸ್ಪತ್ರೆಗಳ ಅಧ್ಯಯನವೊಂದು ಪ್ರಕಟವಾಯಿತು. ಸೋಡಿಯಂ 130ಕ್ಕಿಂತ ಕಡಿಮೆಯಿದ್ದ 22,858 ದಾಖಲಾತಿಗಳಲ್ಲಿ ಮಯಲಿನ್ ಕಳಚುವ ರೋಗ ಬಂದದ್ದು 12 ಮಂದಿಗೆ ಮಾತ್ರ. ಆ ಹನ್ನೆರಡರಲ್ಲಿ 7 ಮಂದಿಗೆ ಸೋಡಿಯಂ ಅನ್ನು ಅತಿವೇಗದಲ್ಲಿ ಏರಿಸಿಯೇ ಇರಲಿಲ್ಲ. ಮರುವರ್ಷ ಕಾರ್ಲೋಸ್ ಆಯುಸ್ ಮತ್ತು ಸಂಗಡಿಗರು 16 ಅಧ್ಯಯನಗಳನ್ನು ಒಟ್ಟುಗೂಡಿಸಿ, ಹನ್ನೊಂದು ಸಾವಿರಕ್ಕೂ ಹೆಚ್ಚು ರೋಗಿಗಳ ಲೆಕ್ಕ ಕೊಟ್ಟರು: ತೀರ ನಿಧಾನಕ್ಕೆ ಏರಿಸಿದವರಲ್ಲಿ ಸಾವು ಹೆಚ್ಚು, ಬೇಗ ಏರಿಸಿದವರಲ್ಲಿ ಕಡಿಮೆ. ಹಾಗಾದರೆ ಅಪರೂಪದ ಒಂದು ರೋಗಕ್ಕೆ ಅಂಜಿ ನಾವು ಕಣ್ಣೆದುರಿನ ರೋಗಿಗಳನ್ನು ಕಳೆದುಕೊಳ್ಳುತ್ತಿದ್ದೇವೆಯೇ ಎಂದು ಅವರು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ.

ಆದರೆ ಈ ಸಾಕ್ಷಿಯನ್ನು ಹಾಗೆಯೇ ನುಂಗಲು ನನಗೆ ಮನಸ್ಸಾಗದು. ಇವೆಲ್ಲ ಆಸ್ಪತ್ರೆಯ ಹಳೆಯ ಕಡತಗಳನ್ನು ನೋಡಿ ಬರೆದ ಲೆಕ್ಕಗಳು. ಚೀಟಿ ಎತ್ತಿ ರೋಗಿಗಳನ್ನು ಎರಡು ಗುಂಪು ಮಾಡಿ ಹೋಲಿಸಿದ ಪ್ರಯೋಗಗಳಲ್ಲ. ಎರಡು ದಿನ ವಾಂತಿಯಾಗಿ ಒಣಗಿದ ರೋಗಿಗೆ ಸಲೈನ್ ಕೊಟ್ಟರೆ ಸೋಡಿಯಂ ತಾನಾಗಿ ಬೇಗ ಏರುತ್ತದೆ, ಆತ ಬದುಕುತ್ತಾನೆ ಕೂಡ. ಹೃದಯ ಸೋತ, ಯಕೃತ್ತು ಕೆಟ್ಟ, ಕ್ಯಾನ್ಸರ್ ಬೆಳೆದ ರೋಗಿಯ ಸೋಡಿಯಂ ಏನು ಮಾಡಿದರೂ ಮೆಲ್ಲಗೇ ಏರುತ್ತದೆ. ಆತ ಸಾಯುವುದು ಆ ಮೂಲರೋಗದಿಂದ. ನಿಧಾನಕ್ಕೆ ಏರಿದ್ದು ಸಾವಿಗೆ ಕಾರಣವೋ, ಬರಲಿರುವ ಸಾವಿನ ಗುರುತೋ ಎಂಬುದು ಕಡತದಿಂದ ತಿಳಿಯುವುದಿಲ್ಲ. ಟೊರೊಂಟೊದ ಲೆಕ್ಕದಲ್ಲೂ ಸೋಡಿಯಂ ಅಷ್ಟಾಗಿ ಇಳಿಯದ ರೋಗಿಗಳೇ ಹೆಚ್ಚು. 128 ಇದ್ದವರನ್ನು ಕೂಡಿಸಿಕೊಂಡು ಅಪಾಯ ಕಡಿಮೆ ಎನ್ನುವುದು ಬೇರೆ, 104 ಇದ್ದು ಊಟ ಬಿಟ್ಟು ದಿನಾ ಕುಡಿಯುವವನಿಗೆ ಅಪಾಯ ಕಡಿಮೆ ಎನ್ನುವುದು ಬೇರೆ.

ಇಷ್ಟು ಹೊರಗಿನ ವಾದ. ಇದನ್ನು ನಮ್ಮ ಊರಿಗೆ ತಂದಾಗ ತೂಕ ಬದಲಾಗುತ್ತದೆ.

ಇಲ್ಲೇ ಚಿಕಿತ್ಸೆ ಮಾಡಬೇಕು ಎನ್ನುವವರ ಮಾತು ಮೊದಲು. ಬೀಳಗಿಯಿಂದ ಬಾಗಲಕೋಟೆ ಹತ್ತಿರ, ಗಂಟೆಯೊಳಗಿನ ದಾರಿ. ಮುಧೋಳದವರು ಲೋಕಾಪುರದ ಮೇಲೆ ಹೋಗಬೇಕು. ಜಮಖಂಡಿ, ಬನಹಟ್ಟಿಯವರಿಗೆ ದಾರಿ ಇನ್ನೂ ಉದ್ದ. ಬಾಗಲಕೋಟೆಯ ಕುಮಾರೇಶ್ವರ ಆಸ್ಪತ್ರೆ, ವಿಜಯಪುರದ ಬಿಎಲ್‌ಡಿಇ, ಬೆಳಗಾವಿಯ ಕೆಎಲ್‌ಇ, ಇಲ್ಲವೇ ಮಿರಜ. ಎಲ್ಲಿಗೆ ಎಂದು ತೀರ್ಮಾನಿಸುವುದರಲ್ಲೇ ಅರ್ಧ ತಾಸು ಹೋಗುತ್ತದೆ. 1894ರಲ್ಲಿ ವಾನ್ಲೆಸ್ ಎಂಬ ಮಿಷನರಿ ವೈದ್ಯರು ಆಸ್ಪತ್ರೆ ತೆರೆದಂದಿನಿಂದ ಮಿರಜ ನಮ್ಮ ಕಡೆಯವರಿಗೆ ದೊಡ್ಡ ದವಾಖಾನೆಯ ಊರು. ಅಜ್ಜ-ಮುತ್ತಜ್ಜರ ಕಾಲದ ನಂಬಿಕೆ ಇಂದಿಗೂ ಗಾಡಿಯನ್ನು ಆ ಕಡೆಗೆ ತಿರುಗಿಸುತ್ತದೆ. ಕಬ್ಬಿನ ಹಂಗಾಮಿನಲ್ಲಿ ರಾತ್ರಿ ಈ ರಸ್ತೆಗಳಲ್ಲಿ ಹೋದವರಿಗೆ ಗೊತ್ತು. ಎರಡೆರಡು ಟ್ರೇಲರ್ ಕಟ್ಟಿಕೊಂಡ ಟ್ರ್ಯಾಕ್ಟರುಗಳು ಸಾಲುಗಟ್ಟಿ ಸಕ್ಕರೆ ಕಾರ್ಖಾನೆಯ ಕಡೆ ತೆವಳುತ್ತಿರುತ್ತವೆ, ಹಿಂದೆ ದೀಪ ಇದ್ದರೆ ಇತ್ತು ಇಲ್ಲದಿದ್ದರೆ ಇಲ್ಲ. ಅವುಗಳ ಹಿಂದೆ ಸಿಕ್ಕಿಬಿದ್ದ ಆಂಬುಲೆನ್ಸಿನಲ್ಲಿ ಮೂರ್ಛೆ ಬರುತ್ತಿರುವ ರೋಗಿಗೆ ಏನೂ ಕೊಡದೆ ಮಲಗಿಸಿದ್ದರೆ, ಎಚ್ಚರದ ಹೆಸರಿನಲ್ಲಿ ನಾವು ಮಾಡಿದ್ದು ಏರಿಫ್ ವಿವರಿಸಿದ ಆ ಹೆಂಗಸರಿಗೆ ಆದದ್ದನ್ನೇ. 3 ಪರ್ಸೆಂಟ್ ಸಲೈನಿಗೆ ದೊಡ್ಡ ಐಸಿಯು ಬೇಕಿಲ್ಲ. ಕುತ್ತಿಗೆಯ ದೊಡ್ಡ ರಕ್ತನಾಳಕ್ಕೆ ನಳಿಗೆ ಹಾಕಿಯೇ ಕೊಡಬೇಕೆಂಬ ಹಳೆಯ ಹೆದರಿಕೆಯೂ ಈಗ ಉಳಿದಿಲ್ಲ. ತುರ್ತಿನಲ್ಲಿ ಕೈಯ ನರದಿಂದ ಕೊಡಬಹುದು. ನೂರು ಮಿಲಿಲೀಟರ್ ಕೊಟ್ಟರೆ ಸಾಮಾನ್ಯ ಮೈಕಟ್ಟಿನವರಲ್ಲಿ ಸೋಡಿಯಂ ಸುಮಾರು 2 ಅಂಕಿ ಏರುತ್ತದೆ. ಅಷ್ಟರಿಂದ ಯಾರ ಮಯಲಿನ್ನೂ ಕಳಚುವುದಿಲ್ಲ.

ಹಣದ ಮಾತೂ ಇದೆ. ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಯವರೆಗೆ ಚಿಕಿತ್ಸೆ ಸಿಗಬಹುದು. ಆದರೆ ಊರು ಬಿಟ್ಟು ಹೋದ ಕುಟುಂಬದ ಖರ್ಚು ಆಸ್ಪತ್ರೆಯ ಬಿಲ್ಲಿನಲ್ಲಿ ಮುಗಿಯುವುದಿಲ್ಲ. ಬನಹಟ್ಟಿಯ ನೇಕಾರನಿಗೆ ಮಗ್ಗ ನಿಂತ ದಿನದ ಕೂಲಿ ಇಲ್ಲ. ತಾಯಿಯ ಜೊತೆ ಮಗ ಬಾಗಲಕೋಟೆಯಲ್ಲಿ ಐದು ದಿನ ಕುಳಿತರೆ ಮನೆಯಲ್ಲಿ ಐದು ದಿನದ ಸೀರೆ ಇಳಿಯುವುದಿಲ್ಲ. ಇದನ್ನು ಲೆಕ್ಕಕ್ಕೆ ಹಿಡಿಯದ ವೈದ್ಯಕೀಯ ಸಲಹೆ ಅರ್ಧ ಸಲಹೆ.

ಇನ್ನು ಮುಂದೆ ಕಳಿಸಬೇಕು ಎನ್ನುವವರ ಮಾತು. ಇದನ್ನು ಹೇಳುವ ವೈದ್ಯರು ಹೊಣೆ ಜಾರಿಸುತ್ತಿದ್ದಾರೆ ಎಂದು ಮನೆಯವರು ಸಿಟ್ಟಾಗುವುದುಂಟು. ಬಹಳ ಸಲ ಅದು ಅನ್ಯಾಯದ ಸಿಟ್ಟು. ಸೋಡಿಯಂ ಚಿಕಿತ್ಸೆಯಲ್ಲಿ ಕಷ್ಟವಿರುವುದು ಸಲೈನ್ ಹಚ್ಚುವುದರಲ್ಲಲ್ಲ, ಹಚ್ಚಿದ ಮೇಲೆ ಕಾಯುವುದರಲ್ಲಿ. ಎಚ್ ಗುಳಿಗೆ ತಿಂದು, ವಾಂತಿಯಾಗಿ, ಸೋಡಿಯಂ 112ಕ್ಕೆ ಇಳಿದ ಅಜ್ಜಿಯನ್ನೇ ತೆಗೆದುಕೊಳ್ಳಿ. ಎರಡು ಬಾಟಲಿ ಸಾದಾ ಸಲೈನ್ ಹೋಗುತ್ತದೆ. ವಾಂತಿ ನಿಲ್ಲುತ್ತದೆ, ಮೈಯಲ್ಲಿ ದ್ರವ ತುಂಬಿಕೊಳ್ಳುತ್ತದೆ. ವ್ಯಾಸೊಪ್ರೆಸಿನ್ ಒಮ್ಮೆಲೇ ಸುಮ್ಮನಾಗುತ್ತದೆ. ಇಲ್ಲಿಯವರೆಗೆ ಹಿಡಿದಿಟ್ಟ ನೀರನ್ನೆಲ್ಲ ಮೂತ್ರಪಿಂಡ ಬಿಡತೊಡಗುತ್ತದೆ. ಮೂತ್ರದ ಚೀಲ ನೋಡಿದರೆ ತಾಸಿಗೆ ನೂರು ಮಿಲಿಲೀಟರಿನ ಮೇಲೆ, ನೀರಿನಂತೆ ತಿಳಿಯಾಗಿ ಬರುತ್ತಿರುತ್ತದೆ. ಮನೆಯವರಿಗೆ ಸಂತೋಷ, ನರ್ಸ್‌ಗೂ ಸಮಾಧಾನ. ಆದರೆ ಸೋಡಿಯಂ ಆಗ ಯಾರ ಹಿಡಿತದಲ್ಲೂ ಇಲ್ಲ. ಬೆಳಗಾಗುವುದರೊಳಗೆ 130 ದಾಟಿರಬಹುದು. ಜೊತೆಗೆ ಪೊಟ್ಯಾಸಿಯಂ ಕೊಟ್ಟಿದ್ದರೆ ಅದೂ ಸೋಡಿಯಂ ಅನ್ನು ಏರಿಸುತ್ತದೆ, ಇದನ್ನು ಲೆಕ್ಕಕ್ಕೆ ಹಿಡಿಯಲು ಮರೆಯುವವರು ಬಹಳ. ಹೀಗಾದಾಗ ತಡೆಯುವ ದಾರಿ ಇದೆ: ಡೆಕ್ಸ್‌ಟ್ರೋಸ್ ನೀರು ಕೊಟ್ಟು, ಡೆಸ್ಮೊಪ್ರೆಸಿನ್ ಚುಚ್ಚಿ ಏರಿಕೆಯನ್ನು ಹಿಂದಕ್ಕೆ ಎಳೆಯಬಹುದು. ಆದರೆ ಏರಿದೆ ಎಂದು ಗೊತ್ತಾಗಬೇಕಲ್ಲ? ಅದಕ್ಕೆ ಎರಡರಿಂದ ನಾಲ್ಕು ತಾಸಿಗೊಮ್ಮೆ, ರಾತ್ರಿ ಎರಡು ಗಂಟೆಗೂ, ರಕ್ತ ತೆಗೆದು ನೋಡುವ ಲ್ಯಾಬ್ ಬೇಕು.

ಸಾದಾ ಸಲೈನ್ ಇನ್ನೊಂದು ಕಡೆಯಿಂದಲೂ ಕೈಕೊಡುತ್ತದೆ. ಒಂದು ಲೀಟರ್ ಬಾಟಲಿಯಲ್ಲಿ 9 ಗ್ರಾಂ ಉಪ್ಪಿದೆ. ನ್ಯುಮೋನಿಯಾ, ಕ್ಷಯ ಅಥವಾ ಗುಳಿಗೆಯ ಕಾರಣದಿಂದ ವ್ಯಾಸೊಪ್ರೆಸಿನ್ ಬಿಡದೆ ಕೆಲಸ ಮಾಡುತ್ತಿರುವ ರೋಗಿಯಲ್ಲಿ ಮೂತ್ರಪಿಂಡ ಆ ಉಪ್ಪನ್ನು ಹೊರಗೆ ಹಾಕಿ ನೀರನ್ನು ಉಳಿಸಿಕೊಳ್ಳುತ್ತದೆ. ಸಲೈನ್ ಹಚ್ಚಿದಷ್ಟೂ ಸೋಡಿಯಂ ಇನ್ನೂ ಇಳಿಯುತ್ತದೆ. ಅದೇ ಬಾಟಲಿ ಒಬ್ಬರಲ್ಲಿ ಸೋಡಿಯಂ ಅನ್ನು ಹಾರಿಸುತ್ತದೆ, ಇನ್ನೊಬ್ಬರಲ್ಲಿ ಬೀಳಿಸುತ್ತದೆ. ‘ಎರಡ ಸಲಾಯನ್ ಹಚ್ಚಿ ಬಿಡ್ರಿ’ ಎಂಬ ಮಾತಿನಲ್ಲಿರುವ ಅಪಾಯ ಇದು.

ಮಯಲಿನ್ ಕಳಚಿದ ಲಕ್ಷಣಗಳು ಅಂದೇ ಕಾಣುವುದಿಲ್ಲ. ಎರಡು ದಿನದಿಂದ ಆರು ದಿನ, ಕೆಲವೊಮ್ಮೆ ಇನ್ನೂ ತಡವಾಗಿ ಬರುತ್ತವೆ. ಅಷ್ಟರಲ್ಲಿ ಅಜ್ಜಿ ನೆಟ್ಟಗೆ ಮಾತಾಡಿ, ಗಂಜಿ ಕುಡಿದು, ಮನೆ ಸೇರಿರುತ್ತಾಳೆ. ನಾಲ್ಕನೆಯ ದಿನ ನಾಲಗೆ ತೊದಲಿ, ನೀರು ನುಂಗಲಾಗದೆ ಕೆಮ್ಮಿದರೆ, ಅದನ್ನು ಹೋದ ವಾರದ ಸಲೈನಿಗೆ ಜೋಡಿಸುವವರು ಯಾರು? ‘ಲಕ್ವಾ ಹೊಡೀತು’ ಎಂದು ಮನೆಯವರು ಬೇರೊಂದು ಊರಿನ ದವಾಖಾನೆಗೆ ಒಯ್ಯುತ್ತಾರೆ. ಮೊದಲು ನೋಡಿದ ವೈದ್ಯರಿಗೆ ಸುದ್ದಿಯೂ ತಲುಪುವುದಿಲ್ಲ. ಆದ್ದರಿಂದ ‘ನಮ್ಮಲ್ಲಿ ಇದುವರೆಗೆ ಯಾರಿಗೂ ಏನೂ ಆಗಿಲ್ಲ’ ಎಂಬ ಸಮಾಧಾನವನ್ನು ನಾನು ಸಾಕ್ಷಿಯೆಂದು ಒಪ್ಪಲಾರೆ.

ಲ್ಯಾಬಿನ ಬಗ್ಗೆ ಇನ್ನಷ್ಟು ಹೇಳಬೇಕು, ಏಕೆಂದರೆ ಇಡೀ ತೀರ್ಮಾನ ನಿಂತಿರುವುದು ಆ ಒಂದು ಅಂಕಿಯ ಮೇಲೆ. ಸಲೈನ್ ಹೋಗುತ್ತಿರುವ ಕೈಯಿಂದಲೇ ರಕ್ತ ತೆಗೆದರೆ ಅಂಕಿ ಸುಳ್ಳು ಹೇಳುತ್ತದೆ; ಗ್ಲೂಕೋಸ್ ನೀರು ಹೋಗುತ್ತಿದ್ದರೆ ಸೋಡಿಯಂ ಕೆಳಗೆ, ಸಲೈನ್ ಹೋಗುತ್ತಿದ್ದರೆ ಮೇಲೆ. ಶುಗರ್ ಏರಿದ್ದರೂ ಅಂಕಿ ಇಳಿಯುತ್ತದೆ. ಸಕ್ಕರೆ ನೂರರ ಮೇಲೆ ಪ್ರತಿ ನೂರು ಏರಿದಾಗ ಸೋಡಿಯಂ ಒಂದೂವರೆಗಿಂತ ತುಸು ಹೆಚ್ಚು ಇಳಿಯುತ್ತದೆ ಎಂಬುದು ಬಳಕೆಯ ಲೆಕ್ಕ. ಶುಗರ್ 500 ಇರುವ ರೋಗಿಯ ಸೋಡಿಯಂ 128 ಎಂದು ಬಂದರೆ, ಸಕ್ಕರೆ ಇಳಿದ ಮೇಲೆ ಅದು 134ರ ಹತ್ತಿರ ನಿಲ್ಲಬೇಕಾದದ್ದು. ಅಂಥವರಿಗೆ ಬೇಕಿರುವುದು ಇನ್ಸುಲಿನ್ ಮತ್ತು ದ್ರವ, 3 ಪರ್ಸೆಂಟ್ ಸಲೈನ್ ಅಲ್ಲ. ರೋಗಿ ಲವಲವಿಕೆಯಿಂದ ಕುಳಿತಿದ್ದು ಚೀಟಿ ಮಾತ್ರ 108 ಎನ್ನುತ್ತಿದ್ದರೆ, ಚಿಕಿತ್ಸೆಗೆ ಮುಂಚೆ ಇನ್ನೊಂದು ಕೈಯಿಂದ ರಕ್ತ ತೆಗೆಸಿ ಮತ್ತೊಮ್ಮೆ ನೋಡುವುದು ಸಮಯ ಹಾಳು ಮಾಡಿದಂತಲ್ಲ.

ಏರಿದ ಸೋಡಿಯಂನ ಕಥೆ ಸ್ವಲ್ಪ ಬೇರೆ. 145ರ ಮೇಲೆ ಹೋದವರು ಹೆಚ್ಚಾಗಿ ಬಾಯಾರಿಕೆ ಹೇಳಲಾಗದವರು: ಹಾಸಿಗೆ ಹಿಡಿದ ಮುದುಕರು, ಬೇಸಿಗೆಯಲ್ಲಿ ಎದೆಹಾಲು ಸಾಲದ ಹಸುಗೂಸುಗಳು. ಓಆರ್‌ಎಸ್ ಪುಡಿಯನ್ನು ಒಂದು ಲೀಟರಿನ ಬದಲು ಒಂದು ಲೋಟದಲ್ಲಿ ಕದಡಿ ಕುಡಿಸಿದ ಮಕ್ಕಳೂ ಇದರಲ್ಲಿ ಸೇರುತ್ತಾರೆ. 2002ರಲ್ಲಿ ಡಬ್ಲ್ಯುಎಚ್‌ಒ ಮತ್ತು ಯುನಿಸೆಫ್ ಓಆರ್‌ಎಸ್‌ನ ಸೋಡಿಯಂ ಅನ್ನು ಲೀಟರಿಗೆ 90ರಿಂದ 75ಕ್ಕೆ ಇಳಿಸಿದವು. ಆ ಲೆಕ್ಕವೆಲ್ಲ ಪುಡಿಗೆ ಒಂದು ಲೀಟರ್ ನೀರು ಬಿದ್ದರೆ ಮಾತ್ರ. ಪ್ಯಾಕೆಟ್ಟಿನ ಮೇಲೆ ಬರೆದಷ್ಟೇ ನೀರು ಹಾಕಿ ಎಂದು ಪ್ರತಿ ಔಷಧದ ಅಂಗಡಿಯವರೂ ಬಾಯಿಬಿಟ್ಟು ಹೇಳಬೇಕು. ಏರಿದ ಸೋಡಿಯಂ ಅನ್ನು ಇಳಿಸುವಾಗಲೂ, ಅದರಲ್ಲೂ ಮಕ್ಕಳಲ್ಲಿ, ನಿಧಾನವೇ ರೂಢಿ. ದೊಡ್ಡವರಲ್ಲಿ ಅಷ್ಟು ನಿಧಾನ ಬೇಕಿಲ್ಲವೇನೋ ಎಂಬ ಮಾತು ಈಚೆಗೆ ಏಳುತ್ತಿದೆ.

ಇನ್ನು ಎಚ್ ಗುಳಿಗೆಯ ವಿಷಯ. ಇಷ್ಟೆಲ್ಲ ಓದಿ ಯಾರಾದರೂ ಇವತ್ತೇ ಅಜ್ಜಿಯ ಗುಳಿಗೆ ಕಸಕ್ಕೆ ಎಸೆದರೆ ಅದು ಇನ್ನೊಂದು ಅನಾಹುತ. ಕಡಿಮೆ ಬೆಲೆಯ ಈ ಗುಳಿಗೆಗಳು ಬಿಪಿ ಇಳಿಸಿ ಲಕ್ವಾ ಮತ್ತು ಹೃದಯಾಘಾತ ತಪ್ಪಿಸುತ್ತವೆ ಎಂಬುದಕ್ಕೆ ಗಟ್ಟಿ ಸಾಕ್ಷಿಯಿದೆ. ದೇಶದ ಸರಕಾರಿ ಬಿಪಿ ಕಾರ್ಯಕ್ರಮದ ಚಿಕಿತ್ಸಾ ಪಟ್ಟಿಯಲ್ಲಿ ಕ್ಲೋರ್‌ಥಾಲಿಡೋನ್ ಇರುವುದು ಅದಕ್ಕಾಗಿಯೇ. ತಪ್ಪುತ್ತಿರುವುದು ಗುಳಿಗೆ ಶುರುಮಾಡಿದ ಮೇಲೆ ಒಂದೆರಡು ವಾರದಲ್ಲಿ ಮಾಡಿಸಬೇಕಾದ ಸೋಡಿಯಂ ಪರೀಕ್ಷೆ. ತಪ್ಪುತ್ತಿರುವ ಇನ್ನೊಂದು, ವಾಂತಿ-ಭೇದಿ ಹತ್ತಿದ ದಿನ ಆ ಗುಳಿಗೆಯನ್ನು ಏನು ಮಾಡಬೇಕೆಂದು ವೈದ್ಯರಿಗೆ ಕೇಳುವುದು. ‘ಬ್ಯಾಸಗಿ ಐತಿ, ನೀರ ಜಾಸ್ತಿ ಕುಡೀರಿ’ ಎಂಬ ಸಲಹೆಯೂ ಹೀಗೆಯೇ. ಬಿಸಿಲಲ್ಲಿ ಕಬ್ಬಿನ ಹೊಲದಲ್ಲಿ ದುಡಿಯುವ ಆಳಿಗೆ, ಮಗ್ಗದ ಶೆಡ್ಡಿನ ಸೆಕೆಯಲ್ಲಿ ನಿಂತವನಿಗೆ ಅದು ಸರಿ, ಅದರ ಜೊತೆ ಊಟವೂ ಉಪ್ಪು ಹಾಕಿದ ಮಜ್ಜಿಗೆಯೂ ಇರಲಿ. ನೆರಳಲ್ಲಿ ಕೂತು, ಊಟ ಬಿಟ್ಟು, ಎಚ್ ಗುಳಿಗೆ ನುಂಗುವ ಎಪ್ಪತ್ತರ ಅಜ್ಜಿಗೆ ತಂಬಿಗೆಗಟ್ಟಲೆ ಬರಿ ನೀರು ಕುಡಿಸುವುದು ಸರಿಯಲ್ಲ. ಉಪ್ಪಿನ ಮಾತೂ ಅಷ್ಟೇ: ದಿನಕ್ಕೆ 5 ಗ್ರಾಂ ಒಳಗಿರಲಿ ಎಂಬ ಡಬ್ಲ್ಯುಎಚ್‌ಒ ಸಲಹೆಯ ಸುಮಾರು ಎರಡು ಪಟ್ಟು ಉಪ್ಪನ್ನು ನಮ್ಮ ದೇಶದವರು ತಿನ್ನುತ್ತಾರೆ. ಒಮ್ಮೆ ಸೋಡಿಯಂ ಇಳಿಯಿತೆಂದು ಮನೆಮಂದಿಯೆಲ್ಲ ಉಪ್ಪು ಏರಿಸಿಕೊಳ್ಳಬೇಕಾದ ಕಾರಣವಿಲ್ಲ.

ಎರಡೂ ಪಕ್ಷ ತೂಗಿದ ಮೇಲೆ ನನ್ನ ತೀರ್ಮಾನ ಇದು. ಬೇಗವೋ ನಿಧಾನವೋ ಎಂಬ ಪ್ರಶ್ನೆಯಲ್ಲಿ ಎರಡು ಪ್ರಶ್ನೆಗಳು ಗೋಜಲಾಗಿವೆ. ಮೂರ್ಛೆ, ಮಂಪರು, ಎಚ್ಚರ ತಪ್ಪಿದ ಸ್ಥಿತಿ ಇದ್ದರೆ ಮೊದಲ ತಾಸು ಆತುರದ ಪಕ್ಷಕ್ಕೆ ಸೇರಿದ್ದು. ಆ ಮೊದಲ ನೂರು-ನೂರೈವತ್ತು ಮಿಲಿಲೀಟರ್ 3 ಪರ್ಸೆಂಟ್ ಸಲೈನ್ ಜಮಖಂಡಿಯಲ್ಲೇ, ಮುಧೋಳದಲ್ಲೇ, ಬೀಳಗಿಯಲ್ಲೇ, ಬನಹಟ್ಟಿಯಲ್ಲೇ ಹೋಗಬೇಕು. ಮುಂದೆ ಕಳಿಸುವುದಿದ್ದರೆ ಅದನ್ನು ಕೊಟ್ಟು ಕಳಿಸಬೇಕು. ಪ್ರತಿ ತಾಲ್ಲೂಕು ಆಸ್ಪತ್ರೆಯ ತುರ್ತು ಕೋಣೆಯಲ್ಲೂ ಆ ಬಾಟಲಿ ಸದಾ ಇರಬೇಕು. ಉಳಿದ ಇಪ್ಪತ್ಮೂರು ತಾಸು ಎಚ್ಚರದ ಪಕ್ಷಕ್ಕೆ ಸೇರಿದ್ದು. ಹೊಸ ಅಧ್ಯಯನಗಳು ಆ ಎಚ್ಚರವನ್ನು ಸ್ವಲ್ಪ ಸಡಿಲಿಸಬಹುದೆಂದು ಹೇಳುತ್ತಿವೆ, ಅದನ್ನು ಬಿಟ್ಟುಬಿಡಿ ಎಂದಲ್ಲ. ನಾಲ್ಕು ತಾಸಿಗೊಮ್ಮೆ ಸೋಡಿಯಂ ನೋಡುವ, ಮೂತ್ರ ಅಳೆದು ಬರೆದಿಡುವ ಅನುಕೂಲ ರಾತ್ರಿಯೂ ಇದ್ದರೆ ರೋಗಿ ನಮ್ಮ ಊರಿನಲ್ಲೇ ಇರಲಿ, ಮನೆಯವರ ಮಗ್ಗವೂ ನಡೆಯಲಿ. ಇಲ್ಲದಿದ್ದರೆ, ಸೋಡಿಯಂ 120ರ ಕೆಳಗಿರುವ ರೋಗಿಯನ್ನು ಅಜ್ಜಿ ಹುಷಾರಾಗಿ ಕಂಡರೂ ಮುಂದೆ ಕಳಿಸುವುದೇ ಸರಿ. ಬೀಳಗಿಯಂಥ ಹತ್ತಿರದ ಊರಿನಲ್ಲಿ ಈ ತೀರ್ಮಾನಕ್ಕೆ ಹಿಂದೆಮುಂದೆ ನೋಡಬೇಕಿಲ್ಲ. ಲಕ್ಷಣವೇ ಇಲ್ಲದೆ 130 ಎಂದು ಬಂದವರು ಗಾಬರಿಯಾಗಿ ಆಂಬುಲೆನ್ಸ್ ಹತ್ತಬೇಕಾಗಿಲ್ಲ, ಸಲೈನ್ ಹಚ್ಚಿಸಿಕೊಳ್ಳಬೇಕಾಗಿಯೂ ಇಲ್ಲ. ಕಾರಣ ಹುಡುಕಿದರೆ ಸಾಕು.

ಓದುವವರಲ್ಲಿ ಒಂದೇ ಬೇಡಿಕೆ. ನಿಮ್ಮ ಮನೆಯ ಹಿರಿಯರನ್ನು ಹೀಗೆ ಮುಂದೆ ಒಯ್ಯುವ ದಿನ ಬಂದರೆ, ಗೂಟದ ಮೇಲಿನ ಗುಳಿಗೆಯ ಚೀಲವನ್ನು ಹಾಗೆಯೇ ತೆಗೆದುಕೊಂಡು ಹೋಗಿ. ಹೊರಡುವ ಮುಂಚೆ ವೈದ್ಯರಿಂದ ಒಂದು ಹಾಳೆಯ ಮೇಲೆ ಮೂರು ಸಾಲು ಬರೆಸಿಕೊಳ್ಳಿ: ಸೋಡಿಯಂ ಎಷ್ಟಿತ್ತು, ರಕ್ತ ತೆಗೆದದ್ದು ಎಷ್ಟು ಗಂಟೆಗೆ, ಆಮೇಲೆ ಯಾವ ಸಲೈನ್ ಎಷ್ಟು ಹೋಯಿತು. ಮುಂದಿನ ಆಸ್ಪತ್ರೆಯ ವೈದ್ಯರು ಏರಿಕೆಯ ಲೆಕ್ಕವನ್ನು ಹಾಕುವುದು ಆ ಮೂರು ಸಾಲಿನಿಂದ.